ಶಾಸ್ತ್ರಕ್ಕೊಂದು ಸೆರೆಮನಿ

ಮಂಗಳೂರಿನ ಕಾಟಿಪಳ್ಳದ ಮನೆಗಳಿಗೆ ಬರುವ ಆಮಂತ್ರಣದ ಕಾಗದಗಳಲ್ಲಿ ಈಗೀಗ ಎಲ್ಲವೂ ಸೆರೆಮನಿ. ಕ್ರೈಸ್ತರಲ್ಲಿ ಮದುಮಗಳ ತಲೆಗೆ ತೆಂಗಿನಹಾಲು ಹೊಯ್ಯುವ ರೋಸ್ ಈಗ ರೋಸ್ ಸೆರೆಮನಿ, ಮದರಂಗಿ ಮೆಹಂದಿ ಸೆರೆಮನಿ, ತೊಟ್ಟಿಲ ಕೂಸಿಗೆ ನೇಮಿಂಗ್ ಸೆರೆಮನಿ. ತುಳು, ಬ್ಯಾರಿ, ಕೊಂಕಣಿ ಮೂರೂ ಒಂದೇ ಬಸ್ಸಿನಲ್ಲಿ ಕೇಳುವ ಊರು. ಎಲ್ಲರಿಗೂ ತಿಳಿಯುವ ಒಂದು ಪದ ಅನುಕೂಲವೇ.

ಈ ಪದಕ್ಕೆ ಹಳೇ ರೋಮನ್ನರು ಹೇಳುತ್ತಿದ್ದ ಕಥೆಯೊಂದಿದೆ. ಗಾಲ್ ಜನ ರೋಮಿಗೆ ನುಗ್ಗಿದಾಗ ವೆಸ್ಟಾ ದೇವಿಯ ಪೂಜಾರಿಣಿಯರು ದೇವರ ಸಾಮಾನು ಹೊತ್ತು ಕೇರೆ ಎಂಬ ಪಟ್ಟಣ ಸೇರಿದರಂತೆ. ಅಲ್ಲಿ ಆಸರೆ ಸಿಕ್ಕಿ ಪೂಜೆ ನಿಲ್ಲದೆ ನಡೆದದ್ದರಿಂದ ಊರಿನ ಹೆಸರೇ ವಿಧಿಗಳಿಗೆ ನಿಂತಿತಂತೆ. ಇಂದಿನ ಪಂಡಿತರಲ್ಲಿ ಹಲವರು ಒಪ್ಪುವುದಿಲ್ಲ. ಒಪ್ಪದಿದ್ದರೇನು, ಕಾಟಿಪಳ್ಳದವರಿಗೆ ಒಪ್ಪುವ ಕಥೆ. ಪಣಂಬೂರಿನಲ್ಲಿ ನವಮಂಗಳೂರು ಬಂದರಿಗೆಂದು ಮನೆ, ಜಾಗ ಬಿಟ್ಟುಕೊಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಂಬರು ಹಾಕಿದ ಬ್ಲಾಕುಗಳಾದವು. 1975ರ ಜನವರಿ 11ರಂದು ಇಂದಿರಾ ಗಾಂಧಿ ಬಂದರನ್ನು ಉದ್ಘಾಟಿಸಿದರು. ಇಂಗ್ಲಿಷಿಗೆ ಅದೂ ಸೆರೆಮನಿ, ಎದ್ದು ಬಂದವರು ಹೊಸ ಸೂರಿನಡಿ ಮಾಡಿಕೊಂಡ ಒಕ್ಕೆಲು, ಅಂದರೆ ಗೃಹಪ್ರವೇಶವೂ ಸೆರೆಮನಿ. ನಮ್ಮ ಬಾಯಲ್ಲಿ ಎರಡೂ ಒಂದಾಗುವುದಿಲ್ಲ. ಸಮಾರಂಭಕ್ಕೆ ವೇದಿಕೆ, ಮೈಕು, ಹಾರ ಬೇಕು. ಶಾಸ್ತ್ರಕ್ಕೆ ಒಂದು ಗಿಂಡಿ ನೀರು, ಕ್ರಮ ಬಲ್ಲ ಒಬ್ಬ ಅಜ್ಜಿ ಸಾಕು.

ಧಾರೆಯ ಹೊತ್ತು ನೋಡಬೇಕು. ಹುಡುಗ ಹುಡುಗಿಯ ಕೈಮೇಲೆ ಗಿಂಡಿಯ ಮೂತಿಯಿಂದ ನೀರು ಸಣ್ಣಗೆ ಇಳಿಯುತ್ತಿರುತ್ತದೆ. ಗಿಂಡಿ ಮುಟ್ಟಲು ಅತ್ತೆ, ದೊಡ್ಡಮ್ಮ, ಸೋದರಮಾವ ಒಬ್ಬರ ಹೆಗಲ ಮೇಲಿಂದ ಒಬ್ಬರು ಕೈ ಚಾಚುತ್ತಾರೆ. ಅಷ್ಟರಲ್ಲಿ ಫೋಟೋದವನು, "ಅಕ್ಕಾ, ಸ್ವಲ್ಪ ಇತ್ಲಾಗಿ ನೋಡಿ, ನೀರು ಇನ್ನೊಮ್ಮೆ ಬಿಡಿ" ಅನ್ನುತ್ತಾನೆ. ಎರಡನೇ ಸಲ ಬಿಟ್ಟದ್ದಕ್ಕೆ ಸೆರೆಮನಿ ಎನ್ನಲು ನನ್ನ ತಕರಾರಿಲ್ಲ.

ಹಾಗಂತ ನಮ್ಮ ಶಾಸ್ತ್ರವೇನೂ ಅಷ್ಟು ಸಾಚಾ ಅಲ್ಲ. "ಶಾಸ್ತ್ರಕ್ಕೆ ಒಂದು ತುತ್ತು ತಿಂದೆ" ಎಂದರೆ ತಿಂದೇ ಇಲ್ಲ ಎಂದೇ ಲೆಕ್ಕ. ಇಂಗ್ಲಿಷಿನವರೂ ಬರಿಯ ಉಪಚಾರಕ್ಕೆ ಸೆರೆಮನಿ ಪದವನ್ನೇ ಬಳಸುತ್ತಾರೆ, ನೆಂಟರಿಗೆ ಸಂಕೋಚ ಬೇಡ ಎನ್ನುವಾಗಲೂ. ಬೆಲ್ಲ, ನೀರು ಮುಂದಿಟ್ಟು "ಉಪಚಾರ ಎಂತದ್ದೂ ಇಲ್ಲ ಮಾರಾಯ್ರೆ" ಎನ್ನುವ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೊಜ್ಜದ ಮನೆಯೊಳಗೆ ಮಾತ್ರ ಪದಕ್ಕಿನ್ನೂ ಪ್ರವೇಶವಿಲ್ಲ. ಕಾಗದದಲ್ಲಿ ಉತ್ತರಕ್ರಿಯೆ, ಬಾಯಲ್ಲಿ ಬೊಜ್ಜ. ಆದರೆ ಅದೇ ಮನೆಯ ಹುಡುಗ ಕಂಪೆನಿಗೆ ರಜೆ ಕೇಳಿ ಬರೆಯುವಾಗ ಡೆತ್ ಸೆರೆಮನಿ ಎಂದೇ ಬರೆಯುತ್ತಾನೆ. ಬೊಜ್ಜ ಎಂದರೆ ಬೆಂಗಳೂರಿನ ಮ್ಯಾನೇಜರಿಗೆ ಹೊಟ್ಟೆಯ ಬೊಜ್ಜೇ ನೆನಪಾದೀತು.