ಎರೆಹೊಲದಲ್ಲಿ ಹೂತ ಗಾಡಿ

ಸಿರುಗುಪ್ಪ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದೇ ಮಣ್ಣು ಒಂದು ಮಳೆ ಬಿದ್ದರೆ ನೀರು ಕುಡಿದು ಉಬ್ಬಿ, ತುಳಿದವರ ಕಾಲನ್ನೂ ಬಿಡುವುದಿಲ್ಲ, ಗಾಲಿಯನ್ನೂ ಬಿಡುವುದಿಲ್ಲ. ಟೈರಿನ ಹಲ್ಲುಗಳ ಸಂದಿ ತುಂಬಿಕೊಂಡು ಮೊನ್ನೆ ಹಾಕಿಸಿದ ಹೊಸ ಟೈರೂ ಬೋಳಾಗುತ್ತದೆ. ಬಳ್ಳಾರಿಯಿಂದ ಸಿರುಗುಪ್ಪದವರೆಗಿನ ಹೆದ್ದಾರಿಯಲ್ಲಿ ಯಾರು ಬೇಕಾದರೂ ಗಾಡಿ ಓಡಿಸಬಹುದು. ತುಂಗಭದ್ರಾ ಕಾಲುವೆಯ ಕೆಳಗಿನ ಗದ್ದೆಗಳಿಂದ ಆ ಡಾಂಬರಿಗೆ ಬಂದು ಸೇರುವ ಅರ್ಧ ಮೈಲಿ, ಒಂದು ಮೈಲಿ ದಾರಿಯೇ ನಮ್ಮಂಥ ಪಿಕಪ್ ಡ್ರೈವರುಗಳಿಗೆ ಕಷ್ಟ. ನಾನು ಭತ್ತ ಹೊರುವವನು. ಆ ಮೈಲಿ ದಾರಿಯಲ್ಲಿ ಒಂದು ರಾತ್ರಿ ನಡೆದದ್ದನ್ನೂ ಆಮೇಲೆ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

2021ರ ನವೆಂಬರ್. ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಹಿಡಿದು ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಕೈಗೆ ಬಂದ ಭತ್ತ ನೆಲಕ್ಕೆ ಮಲಗಿತ್ತು. ಎಷ್ಟೋ ಕಡೆ ತೆನೆಯಲ್ಲೇ ಮೊಳಕೆ ಒಡೆದಿತ್ತು. ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ, ತೆಕ್ಕಲಕೋಟೆ ಆಚೆಯ ಹೊಲದಿಂದ ಒಬ್ಬ ರೈತರ ಉಳಿದ ಭತ್ತ ತರಲು ಹೋದೆ. ನಮ್ಮಲ್ಲಿ ಭತ್ತಕ್ಕೆ 75 ಕೆ.ಜಿ. ಚೀಲದ ಲೆಕ್ಕ. 20 ಚೀಲ ಹೇರಿದರೆ ಒಂದೂವರೆ ಟನ್. ಹಮಾಲರು ಕೊನೆಯ ಚೀಲ ಎತ್ತುವಾಗಲೇ ಮೋಡ ಮತ್ತೆ ಕಟ್ಟಿತು. ರಾತ್ರಿ ಅಲ್ಲೇ ಬಿಟ್ಟರೆ ನೆನೆದ ಭತ್ತವನ್ನು ಮಿಲ್ಲಿನವರು ಕೇಳಿದ ರೇಟಿಗೆ ಕೊಡಬೇಕಾಗುತ್ತಿತ್ತು. ಆ ಮನೆಯವರಿಗೆ ಆ ವರ್ಷ ಉಳಿದದ್ದೇ ಅಷ್ಟು. ಹೊರಟೆವು. ಕಾಲುವೆ ಏರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಹಿಂದಿನ ಎಡಗಡೆ ಗಾಲಿ ಕುಸಿದು, ಹಿಂದಿನ ಅಚ್ಚಿನ ಹೌಸಿಂಗ್ ಮಣ್ಣಿನ ಮೇಲೆ ಕೂತಿತು.

ಪಕ್ಕದ ಕ್ಯಾಂಪ್ ಊರಿನಿಂದ ಟ್ರ್ಯಾಕ್ಟರ್ ಬಂತು. ನಮ್ಮ ಕಡೆ ಹೂತ ಗಾಡಿಗೆ ಮೊದಲ ಮದ್ದು ಟೋಚನ್, ಅಂದರೆ ಇನ್ನೊಂದು ಗಾಡಿಗೆ ಕಟ್ಟಿ ಎಳೆಸುವುದು. ಕೊಕ್ಕೆಯಿದ್ದ ಕಬ್ಬಿಣದ ಚೈನನ್ನು, ಎಲ್ಲರೂ ಹಾಕುವ ಹಾಗೆಯೇ, ಟ್ರ್ಯಾಕ್ಟರಿನ ಹಿಂದೆ ಮೇಲಿನ ಕೊಂಡಿಗೆ ಹಾಕಿದರು. ಮೊದಲ ಎಳೆತಕ್ಕೆ ಗಾಡಿ ಅಲುಗಲಿಲ್ಲ. ಎರಡನೆಯ ಸಲ ಟ್ರ್ಯಾಕ್ಟರಿನ ಮುಂದಿನ ಗಾಲಿಗಳೆರಡೂ ನೆಲ ಬಿಟ್ಟವು. ಮುಂದಿನ ದೀಪದ ಬೆಳಕು ಕಾಲುವೆ ಏರಿಯಿಂದ ಎದ್ದು ಆಕಾಶಕ್ಕೆ ಹೋಯಿತು. ಡ್ರೈವರ್ ಕ್ಲಚ್ ತುಳಿದ. ಮೂತಿ ಧೊಪ್ಪೆಂದು ಕೆಳಗೆ ಬಿತ್ತು. ಅವನ ಜೀವ ಉಳಿಸಿದ್ದು ಆ ಎಡಗಾಲು. ಹಿಂದಿನ ಗಾಲಿ ಮುಂದಕ್ಕೆ ಉರುಳಲು ಆಗದಿದ್ದಾಗ ಎಂಜಿನ್ ಬಲ ಎಲ್ಲಿಗಾದರೂ ಹೋಗಲೇಬೇಕು. ಅದು ಟ್ರ್ಯಾಕ್ಟರಿನ ಮೈಯನ್ನೇ ಹಿಂದಿನ ಅಚ್ಚಿನ ಸುತ್ತ ಎತ್ತುತ್ತದೆ. ಎಳೆಯುವ ಕೊಂಡಿ ಅಚ್ಚಿಗಿಂತ ಮೇಲಿದ್ದರೆ ಇನ್ನೂ ಬೇಗ. ಒಂದೆರಡು ಸೆಕೆಂಡಿನೊಳಗೆ ಟ್ರ್ಯಾಕ್ಟರ್ ಮಗುಚಿ ಡ್ರೈವರ್ ಮೇಲೆ ಬೀಳುತ್ತದೆ. ಇದು ನನಗೆ ತಿಳಿದದ್ದು ಆಮೇಲೆ.

ಚೈನನ್ನು ಕೆಳಗಿನ ಕೊಂಡಿಗೆ ಬದಲಿಸಿ ಮತ್ತೆ ಎಳೆದರು. ಈ ಸಲ ಕೊಕ್ಕೆ ನೆಟ್ಟಗಾಯಿತು. ಬೆರಳಿನಷ್ಟು ದಪ್ಪದ ಕಬ್ಬಿಣ ಬಾಯಿ ಬಿಟ್ಟು, ಚೈನು ಹಿಂದಕ್ಕೆ ಹಾರಿತು. ಪಕ್ಕದಲ್ಲಿ ನಿಂತು 'ಹಾಕಣ್ಣಾ, ಹಾಕು' ಅನ್ನುತ್ತಿದ್ದ ಹಮಾಲಿ ಹುಡುಗನ ಮೊಣಕಾಲ ಕೆಳಗೆ ಬಡಿಯಿತು. ಅವನು ಕೂಗಲೂ ಇಲ್ಲ. ಸುಮ್ಮನೆ ಕೆಸರಿನಲ್ಲಿ ಕೂತುಬಿಟ್ಟ. ಬ್ಯಾಟರಿ ಬಿಟ್ಟು ನೋಡಿದರೆ ಕಾಲು ಬಾಗಬಾರದ ಕಡೆ ಬಾಗಿತ್ತು.

ಎರಡು ಬಿದಿರು ಪಟ್ಟಿ ಇಟ್ಟು ಟವೆಲಿನಿಂದ ಕಟ್ಟಿ, ಅವನ ಅಣ್ಣನ ತೊಡೆಯ ಮೇಲೆ ಮಲಗಿಸಿ, ಟ್ರ್ಯಾಕ್ಟರಿನಲ್ಲೇ ಡಾಂಬರು ರಸ್ತೆಗೆ ಕಳಿಸಿದೆವು. 108 ಅಲ್ಲಿಗೆ ಬಂತು. ಸಿರುಗುಪ್ಪ, ಅಲ್ಲಿಂದ ಬಳ್ಳಾರಿ. ಹೊಲದಲ್ಲಿ ಉಳಿದದ್ದು ಮಳೆ, ಹೂತ ಗಾಡಿ, ರೈತರು, ಅವರ ಮಾವ ಮತ್ತು ನಾನು.

ಆ ಮಾವ ಕುರುಗೋಡಿನವರು. ದೊಡ್ಡಬಸವೇಶ್ವರನ ತೇರಿನಲ್ಲಿ ಗಾಲಿಗೆ ಸನ್ನೆ ಕೊಡುತ್ತಿದ್ದವರು. ತೇರು ಎಳೆಯುವವರು ನೂರಾರು ಜನರಿದ್ದರೂ ಅದನ್ನು ನಿಲ್ಲಿಸುವುದು, ತಿರುಗಿಸುವುದು ಗಾಲಿಯ ಬುಡದಲ್ಲಿ ಮರದ ಸನ್ನೆ ಹಿಡಿದು ಬಗ್ಗಿರುವ ನಾಲ್ಕೈದು ಜನ. ಅಷ್ಟು ಹೊತ್ತೂ ಸುಮ್ಮನಿದ್ದವರು ಆಗ ಬಾಯಿ ಬಿಟ್ಟರು. "ತಮ್ಮಾ, ಎಂಜಿನ್ ಬಂದ್ ಮಾಡು. ಅದು ಎಷ್ಟು ತಿರುಗತೈತೋ ಅಷ್ಟು ಕೆಳಗ ಇಳೀತೈತಿ. ಮೊದಲು ಭಾರ ಇಳಸಾಣ."

20 ಚೀಲ ಇಳಿಸಿ ಹುಲ್ಲಿನ ಮೇಲೆ ಒಟ್ಟಿ ತಾಡಪಾಲು ಮುಚ್ಚಿದೆವು. ಹೌಸಿಂಗ್ ಕೆಳಗಿನ ಮಣ್ಣನ್ನು ಸಲಿಕೆಯಿಂದ, ಆಮೇಲೆ ಕೈಯಿಂದ ಬಗೆದೆವು. ಜಾಕಿ ಇಟ್ಟರೆ ಗಾಡಿ ಏಳುವ ಬದಲು ಜಾಕಿಯೇ ಇಳಿಯುತ್ತಿತ್ತು. ಅದಕ್ಕೆ ಸ್ಟೆಪ್ನಿಯನ್ನು ಅಂಗಾತ ಮಲಗಿಸಿ, ಮೇಲೆ ಹಲಗೆ ಇಟ್ಟು, ಅದರ ಮೇಲೆ ಜಾಕಿ ಕೂಡಿಸಿದೆವು. ಗಾಲಿ ಒಂದು ಗೇಣು ಎದ್ದಿತು. ಅದರ ಬುಡಕ್ಕೆ ಏನು ತುಂಬುವುದು? ಬದುವಿನ ತುಂಬ ಬಳ್ಳಾರಿ ಜಾಲಿ. ಆದರೆ ಅದರ ಮುಳ್ಳು ಟೈರು ತೂತು ಮಾಡಿದರೆ ಕತೆ ಮುಗಿಯಿತು. ಮಾವ ಕುಡುಗೋಲಿನಿಂದ ಒಂದೊಂದು ಕೊಂಬೆಯ ಮುಳ್ಳನ್ನೂ ಸವರಿ, ದಾರಿಗೆ ಅಡ್ಡವಾಗಿ ಹಾಸಿ, ಮೇಲೆ ಭತ್ತದ ಹುಲ್ಲು ಹರಡಿದರು. ಉದ್ದುದ್ದ ಹಾಕಿದರೆ ಗಾಲಿ ಕೊಂಬೆಗಳನ್ನು ಹಿಂದಕ್ಕೆ ಒದ್ದುಬಿಡುತ್ತದೆ, ಅಡ್ಡ ಹಾಕಿದರೆ ಕಚ್ಚಿಕೊಳ್ಳುತ್ತದೆ. ಟೈರಿನ ಗಾಳಿಯನ್ನೂ ಇಳಿಸಿದೆವು. ಖಾಲಿ ಗಾಡಿಗೆ 20 ಪೌಂಡ್ ಆಸುಪಾಸು ಇದ್ದರೆ ಟೈರು ಚಪ್ಪಟೆಯಾಗಿ ಮಣ್ಣಿನ ಮೇಲೆ ಅಗಲ ಊರುತ್ತದೆ.

ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಅಷ್ಟು ಹೊತ್ತು ವಾರೆಯಾಗಿ ನಿಂತು ಟ್ಯಾಂಕಿನ ಡೀಸೆಲ್ ಒಂದು ಕಡೆ ಸರಿದು, ಲೈನು ಏರ್ ಹಿಡಿದಿತ್ತು. ಇದೊಂದು ನನಗೆ ಗೊತ್ತಿತ್ತು. ಫಿಲ್ಟರಿನ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ ಕೈಪಂಪು ಒತ್ತುತ್ತಾ ಹೋದೆ. ಮೊದಲು ಬರೀ ನೊರೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್, ಕೊನೆಗೆ ಗುಳ್ಳೆಯಿಲ್ಲದ ಎಳೆ. ಸ್ಕ್ರೂ ಬಿಗಿದು ಮತ್ತೆ ಸೆಲ್ಫ್ ಹೊಡೆದಾಗ ಎಂಜಿನ್ ಹಿಡಿಯಿತು. ಮೊದಲನೇ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದ ಹಾಗೆ, ಗಾಡಿ ಮುಂದಕ್ಕೆ ಒಂದು ಗೇಣು ಸರಿದಾಗಲೆಲ್ಲ ಮಾವ ಗಾಲಿಯ ಹಿಂದೆ ಸನ್ನೆ ಕೊಡುತ್ತಿದ್ದರು. ಕೊಂಬೆ ಮುಗಿದಲ್ಲಿ ಹಿಂದಿನದನ್ನು ಕಿತ್ತು ಮುಂದೆ ಹಾಸುವುದು. ಏರಿ ಹತ್ತುವಷ್ಟರಲ್ಲಿ ಬೆಳಕು ಹರಿದಿತ್ತು. ಚೀಲಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದೆವು. ಎಲ್ಲ ಮುಗಿದ ಮೇಲೆ ರೈತರು ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು, ಭತ್ತಕ್ಕಲ್ಲ, ಆ ಹುಡುಗನಿಗೆ.

ಹುಡುಗನ ಕಾಲಿಗೆ ರಾಡ್ ಹಾಕಿದರು. ಖರ್ಚಿನಲ್ಲಿ ರೈತರೂ ನಾನೂ ಪಾಲು ಕೊಟ್ಟೆವು. ಅವನು ಈಗ ನಡೆಯುತ್ತಾನೆ, ಚೀಲ ಹೊರುವುದಿಲ್ಲ.

ಅವನನ್ನು ನೋಡಲು ಬಳ್ಳಾರಿಗೆ ಹೋಗಿ ಬರುವ ದಿನಗಳಲ್ಲಿ ಅಲ್ಲಿನ ಗ್ಯಾರೇಜಿನ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಕೂರತೊಡಗಿದೆ. ಅವರು ಸಂಡೂರು ಕಡೆ ಅದಿರಿನ ಟಿಪ್ಪರುಗಳನ್ನು ಎತ್ತಿ, ಎಳೆದು, ರಿಪೇರಿ ಮಾಡಿ ಕೈ ಪಳಗಿಸಿಕೊಂಡವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಊರಿಗೆ ಮರಳಿದವರು. ಅವರು ಕಲಿಸಿದ್ದರಲ್ಲಿ ರಿಪೇರಿಗಿಂತ ದೂರ ನಿಲ್ಲುವುದೇ ಹೆಚ್ಚು. ಹಗ್ಗವೋ ಚೈನೋ ಎಷ್ಟು ಉದ್ದವಿದೆಯೋ ಅಷ್ಟು ದೂರದೊಳಗೆ ಒಂದು ನರಪಿಳ್ಳೆಯೂ ಇರಬಾರದು. ಎಳೆಯುವ ಮೊದಲು ಚೈನಿನ ನಡುವೆ ಮಣ್ಣು ತುಂಬಿದ ಗೋಣಿಚೀಲ ಹೇರಬೇಕು. ತುಂಡಾದರೆ ಆ ಭಾರಕ್ಕೆ ನೆಲಕ್ಕೆ ಬೀಳುತ್ತದೆ. ಬಾಯಿ ತೆರೆದ ಕೊಕ್ಕೆ ಬೇಡ, ಪಿನ್ನು ತಿರುಗಿಸಿ ಮುಚ್ಚುವ ಶ್ಯಾಕಲ್ ಬೇಕು. ಟ್ರ್ಯಾಕ್ಟರಿಗೆ ಯಾವಾಗಲೂ ಅಚ್ಚಿಗಿಂತ ಕೆಳಗಿನ ಕೊಂಡಿ. ಟ್ರ್ಯಾಕ್ಟರೇ ಹೂತರೆ ಅದರ ಹಿಂದಿನ ಗಾಲಿಗೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಹೋಗುವ ಕೆಲಸ ನಮ್ಮ ಕಡೆ ದಿನಾ ನಡೆಯುತ್ತದೆ. ಅದು ಸಾವಿಗೆ ಕರೆ ಕೊಟ್ಟ ಹಾಗೆ ಎಂದು ಅವರು ಗಟ್ಟಿಯಾಗಿ ಹೇಳುತ್ತಿದ್ದರು.

ಎಳೆಯಲು ಯಾರೂ ಇಲ್ಲದಿದ್ದರೆ? ಹಾರೆ, ಗುದ್ದಲಿ ಹಿಡಿದು ಎದೆಮಟ್ಟ ಗುಂಡಿ ತೋಡಿ, ಸ್ಟೆಪ್ನಿಗೆ ಹಗ್ಗ ಕಟ್ಟಿ ಹೂತರೆ ಗಾಡಿಯನ್ನು ಎಳೆದುಕೊಳ್ಳಲು ಅದೇ ಗೂಟ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುವ ನಮ್ಮ ಡ್ರೈವರುಗಳ ಉಪಾಯಕ್ಕೆ ಅವರ ಒಪ್ಪಿಗೆ ಅರ್ಧ ಮಾತ್ರ: ಊರು ಮುಟ್ಟುವವರೆಗೆ ಸರಿ, ಆಮೇಲೆ ಬಿಚ್ಚಿ ತೊಳೆಯದಿದ್ದರೆ ಒಳಗಿನ ಕೊಳವೆಗಳೇ ಕಟ್ಟಿಕೊಳ್ಳುತ್ತವೆ. ಡೀಸೆಲ್ ಟ್ಯಾಂಕಿನ ಸಣ್ಣ ಸೋರಿಕೆಗೆ ಬಟ್ಟೆ ಸೋಪು ಒತ್ತಿ ತುಂಬುವುದನ್ನು ಮಾತ್ರ ಪೂರ್ತಿ ಒಪ್ಪಿದರು. ಹಳ್ಳ ದಾಟುವಾಗ ಏರ್ ಫಿಲ್ಟರಿಗೆ ನೀರು ಹೋಗಿ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಮುಟ್ಟಲೇಬಾರದು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಬಾಗುವುದು ಕನೆಕ್ಟಿಂಗ್ ರಾಡು.

ಮೇಸ್ತ್ರಿಯ ಇನ್ನೊಂದು ಪಾಠ ಸಿಕ್ಕಿದ್ದು ಆಮೇಲೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕಾಲುವೆ ನಂಬಿದ ನಮಗೆಲ್ಲ ಆ ವಾರ ನಿದ್ದೆಯಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಕ್ರೇನಿನಿಂದ ಒಂದರ ಮೇಲೊಂದು ಉಕ್ಕಿನ ತಡೆ ಇಳಿಸಿದ್ದನ್ನು ಫೋನಿನಲ್ಲಿ ನೋಡುತ್ತಾ ಮೇಸ್ತ್ರಿ ಹೇಳಿದ್ದಿಷ್ಟು: "ನೋಡು, ಒಬ್ಬರೂ ಅವಸರ ಮಾಡವಲ್ಲರು."

ಮಗುಚುವ ಟ್ರ್ಯಾಕ್ಟರಿನ ಮಾತಿಗೆ ಮರಳಿದರೆ, ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಮಗುಚಿದರೂ ಡ್ರೈವರನ್ನು ಕಾಯುವ ಉಕ್ಕಿನ ಚೌಕಟ್ಟು ಕಡ್ಡಾಯ ಮಾಡಿತು. ನಮ್ಮಲ್ಲಿ ಬಹಳಷ್ಟು ಟ್ರ್ಯಾಕ್ಟರುಗಳ ಮೇಲಿರುವುದು ಬಿಸಿಲಿಗೆ ಹಾಕಿಸಿದ ತಗಡಿನ ಮಾಡು. ಲೈಸೆನ್ಸಿಗೆ ಎಂಟು ಹಾಕಿಸುತ್ತಾರೆ. ಹೂತ ಗಾಡಿಯ ಪಕ್ಕ ಎಲ್ಲಿ ನಿಲ್ಲಬಾರದು ಎಂದು ಯಾರೂ ಹೇಳಿಕೊಡುವುದಿಲ್ಲ. ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಒಂದು ದಿನ, ಟ್ರ್ಯಾಕ್ಟರ್ ಮತ್ತು ಪಿಕಪ್ ಓಡಿಸುವ ಹುಡುಗರನ್ನೂ ಹಮಾಲರನ್ನೂ ಕರೆದು, ನೀರು ಬಿಟ್ಟ ಎರೆಹೊಲದಲ್ಲಿ ನಿಜವಾದ ಗಾಡಿ ಹೂಳಿಸಿ ಇದನ್ನೆಲ್ಲ ಮಾಡಿ ತೋರಿಸಬೇಕು. ಹೂಳಿಸಲು ನನ್ನ ಗಾಡಿ ಕೊಡುತ್ತೇನೆ. ಬಾಯಿ ಬಿಟ್ಟ ಆ ಕೊಕ್ಕೆಯನ್ನೂ ತರುತ್ತೇನೆ, ಹುಡುಗರು ಕೈಯಲ್ಲಿ ಹಿಡಿದು ನೋಡಲಿ.