ಚಿತ್ರದ ಮೇಲೆ ನಾಲ್ಕು ಮಾತು

ಶುಕ್ರವಾರವೆಂದರೆ ಗೃಹಿಣಿಯರಿಗೆ ಲಕ್ಷ್ಮೀಪೂಜೆಯ ದಿನ. ಚಿತ್ರಪ್ರಿಯರಿಗೆ ಹೊಸ ಚಿತ್ರ ತೆರೆಗೆ ಬರುವ ದಿನ. ಬೆಳಗಿನ ಆಟ ಮುಗಿಯುವಷ್ಟರಲ್ಲಿ ಚಿತ್ರದ ಜಾತಕವೂ ಸಿದ್ಧವಾಗಿರುತ್ತದೆ. ಕಥೆಯ ಸಾರ, ನಟವರ್ಗದ ಗುಣದೋಷ, ಸಂಗೀತದ ಮೇಲೊಂದು ಮಾತು, ಕಡೆಗೆ ಐದಕ್ಕೆ ಎರಡೂವರೆ ನಕ್ಷತ್ರ; ಇಷ್ಟೂ ಹತ್ತು ಸಾಲಿನೊಳಗೆ. ಜೋಯಿಸರು ಒಂದು ನಕ್ಷತ್ರಕ್ಕೆ ನಾಲ್ಕು ಪಾದಗಳನ್ನು ಹೇಳುವರು. ಚಿತ್ರವಿಮರ್ಶಕನಾದರೋ ಎರಡೇ ಪಾದದ ನಕ್ಷತ್ರವನ್ನೂ ಧಾರಾಳವಾಗಿ ದಯಪಾಲಿಸಬಲ್ಲನು.

ಹಾಗೆಂದು ಈ ಕಿರುವಿಮರ್ಶೆಯನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ನಾಲ್ಕು ಜನರಿರುವ ಸಂಸಾರವೊಂದು ಚಿತ್ರಕ್ಕೆ ಹೊರಡುವುದೆಂದರೆ ಟಿಕೆಟ್ಟು, ಆಟೋ, ವಿರಾಮದ ಕಾಫಿ ತಿಂಡಿ, ಇವೆಲ್ಲಕ್ಕೂ ಮಿಗಿಲಾಗಿ ಒಂದು ಇಡೀ ಸಂಜೆ, ಇಷ್ಟರ ವ್ಯಯ. ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ಸಂಕೋಚವಿಲ್ಲದೆ ನೋಡಬಹುದೇ ಎಂದು ಮನೆಯ ಯಜಮಾನನು ಕೇಳಿದರೆ ಆ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ನೇರವಾದ ಉತ್ತರ ಕೊಡುವವನು ಉಪಕಾರಿಯೇ ಸರಿ. ತೊಡಕು ಹುಟ್ಟುವುದು, ಕಂಡದ್ದನ್ನು ಹೇಳಬೇಕಾದವನು ಮುಂದಾಗುವುದನ್ನು ಹೇಳತೊಡಗಿದಾಗ. ‘ಇದು ಓಡುತ್ತದೆ’, ‘ಇದು ಓಡುವುದಿಲ್ಲ’ ಎಂಬ ಮಾತು ವಿಮರ್ಶೆಯಲ್ಲ, ಶಕುನ.

ಶಕುನ ಎಷ್ಟು ತಪ್ಪಬಹುದೆಂಬುದಕ್ಕೆ ರಾಮನಗರದ ಬಂಡೆಗಳೇ ಸಾಕ್ಷಿ. ಆ ಬಂಡೆಗಳ ನಡುವೆ ತೆಗೆದ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಗೆ ಬಂದಾಗ ಮೊದಲ ವಾರದ ಅಭಿಪ್ರಾಯಗಳು ತಣ್ಣಗಿದ್ದವು. ಸೋತಿತೆಂದೇ ವ್ಯಾಪಾರಸ್ಥರಲ್ಲಿ ಅನೇಕರು ಬಗೆದರು. ಅದೇ ಚಿತ್ರ ಮುಂಬಯಿಯ ಮಿನರ್ವಾ ಮಂದಿರದಲ್ಲಿ ಐದು ವರ್ಷ ನಡೆಯಿತು. ಬರೆದವರಿಗೆ ಕಣ್ಣಿರಲಿಲ್ಲವೆಂದಲ್ಲ. ಜನರು ಒಬ್ಬರಿಗೊಬ್ಬರು ಹೇಳಿ, ಸಂಭಾಷಣೆಯನ್ನು ಬಾಯಿಪಾಠ ಮಾಡಿ, ಮತ್ತೆ ಹೋಗಿ ನೋಡುವುದಕ್ಕೆ ದಿನಗಳು ಹಿಡಿಯುತ್ತವೆ. ವಿಮರ್ಶಕನಿಗೆ ಸಿಕ್ಕಿದ್ದು ಒಂದು ರಾತ್ರಿ.

ಕನ್ನಡದಲ್ಲಿಯೂ ಇಂಥ ನಿದರ್ಶನವುಂಟು. 2014ರ ಮಾರ್ಚ್ ತಿಂಗಳಲ್ಲಿ ಬಂದ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ ಮಲ್ಪೆಯ ಕಡಲತೀರದ ಕಥೆ. ಒಂದೇ ಘಟನೆಯನ್ನು ಹಲವರು ತಾವು ಕಂಡಂತೆ ಹೇಳುತ್ತಾರೆ. ಪತ್ರಕರ್ತೆಯೊಬ್ಬಳು ಆ ಮಾತುಗಳನ್ನು ಕೂಡಿಸುತ್ತಾಳೆ. ಅದು ಗಲ್ಲಾಪೆಟ್ಟಿಗೆಯಲ್ಲಿ ಗೆಲ್ಲಲಿಲ್ಲ. ವರ್ಷಗಳು ಕಳೆದಂತೆ ತರುಣರು ಅದನ್ನು ಮತ್ತೆ ಮತ್ತೆ ನೋಡಿ, ತಮ್ಮ ಚಿತ್ರವೆಂದು ಎತ್ತಿಕೊಂಡರು. ಪೂರ್ತಿ ನಿಜವನ್ನು ಕಂಡವನು ಒಬ್ಬನೂ ಇಲ್ಲವೆನ್ನುವ ಆ ಕಥೆಯೇ ವಿಮರ್ಶಕನಿಗೆ ಹೇಳಿಸಿದ ಬುದ್ಧಿಮಾತಿನಂತಿದೆ.

ಹಾಗಾದರೆ ನಾಲ್ಕು ಸಾಲಿನಲ್ಲಿ ನ್ಯಾಯವಾಗಿ ಹೇಳುವ ಬಗೆ ಯಾವುದು? 2016ರಲ್ಲಿ ನಮ್ಮ ನಾಡಿನ ಚಿತ್ರಮಂದಿರಗಳಿಗೆ ಬಂದ ರಾಮ್ ರೆಡ್ಡಿಯವರ ‘ತಿಥಿ’ಯನ್ನು ಕುರಿತು, ಅದು ಹಿಂದಿನ ವರ್ಷ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆದ ಚಿತ್ರವೆಂದು ಹೇಳಿ ಸುಮ್ಮನಾದರೆ ವಾಚಕನಿಗೆ ದೊರೆತದ್ದು ಬರಿಯ ಮರ್ಯಾದೆಯ ಮಾತು. ಅದಕ್ಕೆ ಬದಲಾಗಿ ಹೀಗೆ ಬರೆಯಬಹುದು: ‘ಮಂಡ್ಯದ ಕಡೆಯ ಹಳ್ಳಿಯಲ್ಲಿ ನೂರೊಂದು ವರ್ಷದ ಮುದುಕ ತೀರಿಕೊಳ್ಳುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮಗ ಅಲೆಮಾರಿಯಾಗಿ ಹೊರಡುತ್ತಾನೆ, ಮೊಮ್ಮಗ ಜಮೀನು ಮಾರಲು ಓಡಾಡುತ್ತಾನೆ, ಮರಿಮಗ ಕುರಿಗಾಹಿ ಹುಡುಗಿಯ ಹಿಂದೆ ಬೀಳುತ್ತಾನೆ. ಹಳ್ಳಿಯವರೇ ನಟರು. ಸಾವಿನ ಮನೆಯಲ್ಲಿ ನಗು ಬರುತ್ತದೆ. ನಕ್ಕಮೇಲೆ ಏಕೆ ನಕ್ಕೆವೆಂದು ಯೋಚಿಸಬೇಕಾಗುತ್ತದೆ.’ ಇಷ್ಟನ್ನು ಓದಿದವನು, ಹೋಗಬೇಕೋ ಬೇಡವೋ ಎಂಬುದನ್ನು ತಾನೇ ನಿಶ್ಚಯಿಸಿಕೊಳ್ಳಬಲ್ಲನು.

ಮೆಚ್ಚುಗೆ ಮಿತಿಮೀರಿ ಹರಿಯುವಾಗ ಈ ನ್ಯಾಯ ಇನ್ನೂ ಕಷ್ಟ. 2022ರಲ್ಲಿ ‘ಕಾಂತಾರ’ ಬಂದಾಗ ನಾಡೆಲ್ಲ ಅದರದೇ ಮಾತು. ಕಡೆಯ ದೈವಾವೇಶದ ಭಾಗದಲ್ಲಿ ರಿಷಬ್ ಶೆಟ್ಟಿಯವರ ಅಭಿನಯ ಮೈ ನಡುಗಿಸುವಂಥದು. ಭೂಮಿ ಯಾರದು, ಕಾಡು ಯಾರದು ಎಂಬ ಪ್ರಶ್ನೆಯೂ ಹುರುಳುಳ್ಳದ್ದು. ಆದರೆ ಅದೇ ಚಿತ್ರದಲ್ಲಿ ನಾಯಕನು ನಾಯಕಿಯ ನಡುವನ್ನು ಚಿವುಟುವುದನ್ನು ಸರಸವೆಂಬಂತೆ ತೋರಿಸಿದೆ. ಆಕೆ ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿದ ಹೆಣ್ಣುಮಗಳು. ಕಥೆ ಅವಳ ಇಕ್ಕಟ್ಟನ್ನು ಕಾಣುವಷ್ಟು ಹೊತ್ತು ನಿಲ್ಲುವುದಿಲ್ಲ. ಜಯಘೋಷದ ನಡುವೆ ಈ ಮಾತನ್ನು ಹೇಳಿದವರು ಅರಸಿಕರೆಂದು ಬೈಸಿಕೊಂಡರು. ಬೈಸಿಕೊಂಡರೂ ಹೇಳಿದ್ದು ಸರಿ. ಅಜ್ಜಿಯ ಪಕ್ಕದಲ್ಲಿ ಕುಳಿತ ಮೊಮ್ಮಗಳಿಗೆ ಸಲ್ಲಬೇಕಾದ ಮಾತು ಅದು.

ಒಂದು ಹಳೆಯ ನೆನಪು ಈ ಕೆಲಸದ ಭಾರವನ್ನು ತೋರಿಸೀತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ವೈ. ವಿ. ರಾಯರ ನಿರ್ದೇಶನ, ಸುಬ್ಬಯ್ಯನಾಯ್ಡು ಅವರು ಇಂದ್ರಜಿತು, ತ್ರಿಪುರಾಂಬಾ ಅವರು ಸುಲೋಚನೆ, ನಾಗೇಂದ್ರರಾಯರು ರಾವಣ. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ತೆರೆಯಿಂದ ಕನ್ನಡದ ಮಾತು ಮೊದಲು ಕೇಳಿಬಂದಾಗ ಸಭೆ ಹೇಗೆ ಕುಳಿತಿತ್ತು, ಧ್ವನಿ ಸ್ಪಷ್ಟವಾಗಿತ್ತೇ, ರಂಗಭೂಮಿಯ ನಟರು ಯಂತ್ರದ ಮುಂದೆ ಹೇಗೆ ಕಂಡರು, ಇವನ್ನು ತಿಳಿಯಬೇಕೆನ್ನುವವನು ಅಂದು ಕಂಡವರ ಮಾತನ್ನೇ ಹುಡುಕಬೇಕು. ಅಂಥವನಿಗೆ ‘ಚಿತ್ರ ಸೊಗಸಾಗಿದೆ, ಎಲ್ಲರೂ ನೋಡತಕ್ಕದ್ದು’ ಎಂಬ ಒಂದು ಸಾಲು ದೊರೆತರೆ ಏನು ಪ್ರಯೋಜನ? ‘ಇಂದ್ರಜಿತುವಿನ ದನಿ ಹಿಂದಿನ ಬೆಂಚಿಗೂ ಕೇಳಿತು’ ಎಂಬಂಥ ಸಾಲೊಂದಿದ್ದರೆ ಅದು ಚಿನ್ನದ ತೂಕದ್ದು.

ಚಿತ್ರ ಚಿರಾಯುವೆಂದೂ ಅದರ ಮೇಲಿನ ಹತ್ತು ಸಾಲು ಮರುದಿನ ಪೊಟ್ಟಣ ಕಟ್ಟುವ ಕಾಗದವೆಂದೂ ಲೋಕ ಎಣಿಸುತ್ತದೆ. ಕೆಲವೊಮ್ಮೆ ಚಿತ್ರ ಅಳಿದು ಸಾಲೇ ಉಳಿಯುವುದುಂಟು. ಶುಕ್ರವಾರ ರಾತ್ರಿ ಬರೆಯಲು ಕುಳಿತವನು ಶನಿವಾರದ ಟಿಕೆಟ್ಟಿನೊಡನೆ ಈ ಉಳಿವನ್ನೂ ನೆನೆದರೆ, ಓಡುವುದೋ ಇಲ್ಲವೋ ಎಂಬ ಲೆಕ್ಕವನ್ನು ಗಲ್ಲಾಪೆಟ್ಟಿಗೆಗೆ ಬಿಟ್ಟು, ತಾನು ಕಂಡದ್ದನ್ನು ಕಂಡಂತೆ ಬರೆದಾನು. ನಕ್ಷತ್ರಗಳನ್ನು ಆಕಾಶಕ್ಕೇ ಬಿಡಬಹುದು.