ತಂಬುಳಿಗೆ ಬಾರದ ಮರ

ಶೃಂಗೇರಿಯಿಂದ ಕಿಗ್ಗದ ಕಡೆ ಹೋಗುವಾಗ ದಾರಿ ಬಿಟ್ಟು ಹಳ್ಳಕ್ಕಿಳಿದರೆ, ಅದೃಷ್ಟವಿದ್ದವರಿಗೆ ಮರಜರಿ ಸಿಗುತ್ತದೆ. ಜರಿಗಿಡವೆಂದರೆ ಬಾವಿಯ ಕಲ್ಲುಸಂದಿಯಲ್ಲಿ ನೇತಾಡುವ ಹಸಿರು ಎಂದುಕೊಂಡವರು ಇದರೆದುರು ಕತ್ತೆತ್ತಲೇಬೇಕು. ಎರಡಾಳೆತ್ತರದ ಕಾಂಡ, ಕರಿದೇಟಿನ ಗರಿಗಳು, ತುದಿಯಲ್ಲಿ ಸತ್ತಿಗೆ ಬಿಚ್ಚಿದ ಗತ್ತು. ಸಸ್ಯಶಾಸ್ತ್ರಜ್ಞರು ಸಯಾಥಿಯ ಜೈಜಾಂಟಿಯ ಎನ್ನುತ್ತಿದ್ದರು, ಈಗ ಕುಲ ಬದಲಿಸಿ ಆಲ್ಸೋಫಿಲ ಮಾಡಿದ್ದಾರೆ. ಹೆಸರು ಏನಾದರೂ ಆಗಲಿ, ಡೈನೋಸಾರ್ ಕಾಲದ ಮನೆತನ. ಆರ್ಕಿಡ್ ಬೆಳೆಸುವವರಿಗೆ ಮರಜರಿಗಳ ಕಾಂಡದ ನಾರು ಬೇಕು. ಅಂತರರಾಷ್ಟ್ರೀಯ ಮಾರಾಟಕ್ಕೆ ಸೈಟಿಸ್ ಒಪ್ಪಂದದ ಕಡಿವಾಣವಿದೆ.

ಕೊಪ್ಪದ ನಮ್ಮತ್ತೆಗೆ ಇದನ್ನು ತೋರಿಸಿದೆ.

"ಚೆಂದ ಇದೆ ಮಾರಾಯ. ತಂಬುಳಿಗೆ ಬರ್ತದಾ?"

"ಇಲ್ಲ ಅತ್ತೆ."

"ಮತ್ತೆಂತಕ್ಕೆ?" ಎಂದವರೇ ಪಕ್ಕದ ಗದ್ದೆಯಂಚಿಗೆ ಹೋಗಿ ಒಂದೆಲಗ ಕೀಳತೊಡಗಿದರು.

ಒಂದೆಲಗವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಕೊಪ್ಪದ ಅಡಿಕೆ ತೋಟದ ಬಸಿಗಾಲುವೆಯಲ್ಲಿ, ನರಸಿಂಹರಾಜಪುರದ ಕಡೆ ಮಳೆ ಇಳಿಮುಖವಾದರೂ ಅಲ್ಲಿನ ತೇವದ ನೆಲದಲ್ಲಿ, ಎಲ್ಲೆಲ್ಲೂ ಕಾಲಡಿಗೆ. ತುಪ್ಪದಲ್ಲಿ ಜೀರಿಗೆ, ಮೆಣಸಿನಕಾಳು ಹುರಿದು, ಸೊಪ್ಪು ಬಾಡಿಸಿ, ಕಾಯಿತುರಿಯೊಡನೆ ರುಬ್ಬಿ ಮಜ್ಜಿಗೆ ಬೆರೆಸಿದರೆ ಮಧ್ಯಾಹ್ನದ ಊಟಕ್ಕೆ ಬೇರೇನೂ ಬೇಡ. ಅಂದಹಾಗೆ ಆ ಜೀರಿಗೆ ಒಂದೆಲಗದ ದಾಯಾದಿಯೇ, ಕೊತ್ತಂಬರಿಯ ಕುಟುಂಬ.

"ಇದರ ಹೂ ನೋಡಿದ್ದೀರಾ?" ಎಂದೆ.

"ಒಂದೆಲಗಕ್ಕೆ ಹೂವಾ!"

ಜೀವಮಾನವಿಡೀ ಸೊಪ್ಪು ಕಿತ್ತವರಿಗೂ ಕಾಣದಂತೆ, ಎಲೆಯ ಕೆಳಗೆ, ಮಣ್ಣಿಗೆ ತಾಗಿಕೊಂಡು ಸಾಸಿವೆಗಾತ್ರದ ನಸುಗೆಂಪು ಹೂಗಳಿರುತ್ತವೆ. ಹೂ ಬಿಡುವ ಗಿಡ ಹೂ ಮುಚ್ಚಿಟ್ಟುಕೊಂಡು ಎಲೆಯಿಂದ ಹೆಸರು ಮಾಡಿದೆ. ಹೂವೇ ಇಲ್ಲದ ಮರಜರಿಗೆ ಅದಿಲ್ಲವೆಂಬ ಕೊರತೆಯೂ ಕಾಣುವುದಿಲ್ಲ.

ಮರಜರಿಯ ಗುಟ್ಟೂ ನೆಲಮಟ್ಟದಲ್ಲೇ ಇದೆ. ಗರಿಯಡಿಯ ಕಂದು ಚುಕ್ಕೆಗಳಿಂದ ಉದುರಿದ ಧೂಳಿನಂಥ ಬೀಜಕ ಮೊಳೆತು ನೇರ ಮರವಾಗುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ ಹಸಿರು ಹಾಳೆಯಾಗುತ್ತದೆ. ಅದರ ಅಡಿಯ ನೀರಿನ ಪೊರೆಯಲ್ಲಿ ಗಂಡುಕೋಶ ಈಜಿ ಹೆಣ್ಣುಕೋಶ ಸೇರಿದ ಮೇಲಷ್ಟೇ ಮರಜರಿಯ ಹುಟ್ಟು. ಈ ಎರಡು ತಲೆಮಾರಿನ ಲೆಕ್ಕವನ್ನು 1851ರಲ್ಲಿ ಬಿಡಿಸಿದವನು ಜರ್ಮನಿಯ ಹಾಫ್‌ಮೈಸ್ಟರ್, ಆಗ ಪುಸ್ತಕ-ಸಂಗೀತದ ಅಂಗಡಿ ನಡೆಸುತ್ತಿದ್ದ ಗೃಹಸ್ಥ. ನೀರು ಆರಿತೋ, ಸಂತಾನವಿಲ್ಲ. ಹಳ್ಳದ ಮೇಲಿನ ನೆರಳು ಕಡಿದರೂ ದೊಡ್ಡ ಮರಜರಿ ಕೆಲವು ಕಾಲ ನಿಂತೀತು, ಬುಡದ ಹಾಳೆಗಳು ಒಣಗಿಹೋಗುತ್ತವೆ. ಒಂದೆಲಗಕ್ಕೆ ಇಷ್ಟೆಲ್ಲ ರಗಳೆಯಿಲ್ಲ. ಹೂವಿಗೂ ಕಾಯದೆ ಬಳ್ಳಿ ಹರಿಸಿ, ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ಕಳೆಯೆಂದು ಕಿತ್ತೆಸೆದರೆ ಬಿದ್ದಲ್ಲೇ ಹತ್ತಿಕೊಳ್ಳುತ್ತದೆ.

ಇದನ್ನೆಲ್ಲ ವಾಪಸು ಬರುವಾಗ ಅತ್ತೆಗೆ ವಿವರಿಸಿದೆ. ಸೊಪ್ಪಿನ ಮಣ್ಣು ಕೊಡವುತ್ತ ಕೇಳಿಸಿಕೊಂಡರು.

"ಹಳ್ಳದ ಮೇಲಿನ ಮರ ಕಡೀಬಾರದು ಅಂತ ನೆಟ್ಟಗೆ ಹೇಳೋದು ಬಿಟ್ಟು, ಅದರ ಜಾತಕ ಎಲ್ಲ ಯಾಕೆ ಓದ್ತೀಯ?"